ಮುಖ ಅಂದ್ರ

ಸಂಘದ ಸಭಾದಾಗ ವಕೀಲ ಸೂರ್ಯಭಾನ ಎದ್ದು ಹೇಳ್ದ:
"ಈ ಹೋರಾಟಕ್ಕ ಒಂದು ಮುಖ ಬೇಕು."
ಎಲ್ಲಾರೂ ತಿರುಗಿ ನನ್ನ ಕಡಿ ನೋಡಿದ್ರು.
ನಾ ಸೆರಗಿಲೆ ಮುಖ ಒರೆಸಿಕೊಂಡೆ,
ಪರಸಿ ಕಲ್ಲಿನ ಧೂಳಿ ಹತ್ಯಾದೇನೋ ಅಂತ.

ಶಹಾಬಾದದ ಹಳೇ ಖಣಿ ದಂಡಿಗಿ ಕೂಡಿಸಿ
ಫೋಟೊದ ಗೌಸ ಅಂದ:
"ಬಾಯಿ, ಉಸುರು ಬಿಗಿ ಹಿಡಿ. ಕೆಮ್ಮಬ್ಯಾಡ.
ಕೆಮ್ಮಿದ್ರ ಮುಖ ಅಳ್ಳಾಡತದ."
ಇಪ್ಪತ್ತೆರಡು ವರ್ಷದ ಧೂಳಿ ಎದ್ಯಾಗ ಅದನೋ ಯಪ್ಪಾ,
ಮುಖದಾಗ ಏನದ?
ಎರಡು ಕಣ್ಣು, ಮೂಗಿನಾಗ ಬರೀ ತೂತು,
ಗದ್ದದ ಮ್ಯಾಲ ನಮ್ಮಜ್ಜಿ ಹಾಕಿಸಿದ ಹಚ್ಚೀಬೊಟ್ಟು.
ಅದೇ ಚಲೋ ಬಂತಂತ.

ವಾಡಿ ಜಂಕ್ಷನ್ನಿನ ಗ್ವಾಡಿಗಿ, ಕಲಬುರಗಿ ಕೋರ್ಟಿನ ಕಂಪೌಂಡಿಗಿ,
ಜೇವರ್ಗಿ ಕ್ರಾಸಿನ ಮೂತ್ರಿಖಾನಿಗೂ
ಮೈದಾದ ಅಂಟು ಬಳದು ನನ್ನ ಬಡದ್ರು.
ಚಾದಂಗಡ್ಯಾಂವ ರೊಕ್ಕ ಒಲ್ಲೆ ಅಂದ.
ಚಿತ್ತಾಪುರದಾಗ ಒಂದು ಆಡು ನನ್ನ ಅರ್ಧ ಗಲ್ಲ ತಿಂತು.
ನಿಂತು ನೋಡ್ದೆ. ಅಂಟು ರುಚಿ ಇದ್ದೀತು.

ನನಗಿಂತ ಕೆಟ್ಟ ಕೆಮ್ಮು ಸಾಬವ್ವಂದು.
ರಾತ್ರಿ ಅಕಿ ಕೆಮ್ಮಿದ್ರ
ನಡುಗ್ವಾಡಿ ಆಚಿಗಿ ನಮ್ಮ ತಾಟು ಗಲಗಲ ಅಂತಿದ್ವು.
ಕ್ಯಾಮೆರಾ ಕಂಡ್ರ ಸಾಕು, ಹಿಂದ ಸರದು
"ಭೀಮಬಾಯಿ ಇದ್ದಾಳಲ್ಲ, ಅಕೀನ ಹಿಡೀರಿ" ಅಂತಿದ್ಲು.

ಜೋಳ ಹಾಲುಗಾಳಿನಾಗಿದ್ದಾಗ ಸತ್ಲು.
ಮರುದಿನ ಪೇಪರದಾಗ ನಾಕು ಸಾಲು,
ಮ್ಯಾಲ ಫೋಟೊ. ನಂದು.
ಯಾದಗಿರಿಯಿಂದ ನಮ್ಮ ತಂಗಿ ಅಳಕೋತ ಬಸ್ ಇಳದು ಬಂದ್ಲು.
ನಾ ಹಿಟ್ಟು ಸಾಣಿಸ್ತಿದ್ದೆ.
ಇನ್ನಷ್ಟು ಅತ್ಲು, ಆಮ್ಯಾಲ ಬೈದ್ಲು.
ವಕೀಲ ಫೋನಿನ್ಯಾಗ ಅಂದ:
"ತಪ್ಪಾಗ್ಯಾದ ಖರೆ. ಆದ್ರ ಜಿಲ್ಲಾ ಆಫೀಸು ಎಚ್ಚರಾಗ್ಯಾದ."

ಸಾಬವ್ವನ ಮಗಳು ಅಂಬಿಕಿ ಮಾತ್ರ ಏನೂ ಅನ್ಲಿಲ್ಲ.
"ಅವ್ವಂದು ಒಂದೂ ಫೋಟೊ ಇಲ್ಲ, ಚಿಗವ್ವಾ.
ಕೆಳಗ ಹೆಸರರ ಅಕಿದೇ ಅದ."
ಪೇಪರ ಕತ್ತರಿಸಿ, ಚೌಕಟ್ಟು ಕಟ್ಟಿಸಿ,
ನನ್ನ ಗ್ವಾಡಿಗಿ ಹಾಕ್ಯಾಳ.
ಗಂಡನ್ನ ಇದೇ ಖಣಿಗಿ ಕೊಟ್ಟು
ಹನ್ನೆರಡು ವರ್ಷ ಬರಿದಿದ್ದ ನನ್ನ ಹಣಿಗಿ
ಗಾಜಿನ ಮ್ಯಾಲಿಂದ ಕುಂಕುಮ ಇಟ್ಟಾಳ.

ಸಂಜಿಮುಂದ ನೀರಿಗಿ ಅವರ ಬಾಗಲ ಮುಂದೇ ಹಾದಿ.
ಅಲ್ಲಿಗಿ ಬಂದಾಗೇ ಎದಿ ಕೆರದು ಬರತದ.
ಕೊಡ ಇಳಸಿ, ಸೆರಗು ಬಾಯಾಗ ತುರುಕಿ
ಬಿಗಿ ಹಿಡೀತೀನಿ.
ಒಳಗ ದೀಪ ಹಚ್ಯಾರ.
ಸತ್ತಾಕಿ ಕೆಮ್ಮಬಾರದು.