ಹೌದಪ್ಪನ ಚಾವಡಿ

ಕೊವಿಲ್ಯಾ ಊರಿನ ಇಳಿಜಾರು ಬೀದಿಯಲ್ಲಿ
ಎರ್ಮೀನಿಯುವಿನ ಕ್ಷೌರದಂಗಡಿ.
ಒಂದೇ ಕುರ್ಚಿ, ಮೂವರು ಕೂರುವ ಬೆಂಚು,
ಗುಡಿಸಲಿಕ್ಕೆ ನಾನು.

ಕೂತವರು ಏನಂದರೂ ಅವನದು ಒಂದೇ ಮಾತು: ಪೊಯ್ಶ್.
ಗಾಳಿ ಬೆಟ್ಟದಿಂದ ಬೀಸ್ತಿದೆ. ಪೊಯ್ಶ್.
ಮೇಯರು ಕಳ್ಳ. ಪೊಯ್ಶ್.
ಕಳ್ಳನಾದರೂ ರಸ್ತೆ ಮಾಡಿಸಿದ ನೋಡು. ಪೊಯ್ಜ್ ಎ...
ಬಾಲಕ್ಕೆ ಆ ಎಳೆದ ‘ಎ’ ಸೇರಿದರೆ
ಒಪ್ಪಿಗೆಯಲ್ಲಿ ಒಂದಿಷ್ಟು ನಿಟ್ಟುಸಿರೂ ಬೆರೆತಿದೆ ಎಂದು ಲೆಕ್ಕ.
ಹತ್ತೂವರೆಗೆ ಬಂದವನು ಒಂದು ತಂಡದ ಕಡೆ,
ಹನ್ನೊಂದರವನು ಅದರ ವೈರಿ.
ಇಬ್ಬರೂ ಗೆದ್ದೇ ಹೊರಟರು ಆ ಬಾಗಿಲಿನಿಂದ.

ಮೊದಮೊದಲು ಅಂದುಕೊಂಡೆ: ಇವನೊಬ್ಬ ಕೋಲೆಬಸವ.
ಆಮೇಲೆ ತಿಳಿಯಿತು,
ಕತೆ ಕೇಳುವ ಮಗು ಹೂಂಗುಟ್ಟಿದ ಹಾಗೆ ಅದು.
ಹೂಂ ನಿಂತರೆ ಕತೆ ನಿಂತೀತು,
ಕತೆ ನಿಂತರೆ ಮುಖ ತಿರುಗೀತು,
ಕತ್ತಿ ಕೆನ್ನೆಯ ಮೇಲಿದೆ.

‘ಸಿಂ’ ಎಂಬ ನೆಟ್ಟಗಿನ ಹೌದೂ ಇದೆ ಆ ಭಾಷೆಯಲ್ಲಿ.
ಮದುವೆಗೆ, ಕೋರ್ಟಿಗೆ ಎತ್ತಿಟ್ಟಿದ್ದಾರೆ, ಒಳ್ಳೇ ಬೂಟಿನ ಹಾಗೆ.
ಬೀದಿಯಲ್ಲಿ, ಕೇಳಿದ ಮಾತನ್ನೇ ತಿರುಗಿಸಿ ಕೊಡುತ್ತಾರೆ:
ಕಾಫಿ ಕುಡೀತೀಯಾ? ಕುಡೀತೀನಿ.
ಹಸಿವಿದೆಯಾ? ಇದೆ.
ನೆರೆಮನೆಯ ಪಾತ್ರೆಯನ್ನು
ಬರಿದಾಗಿ ಮರಳಿಸಬಾರದು ಅನ್ನುವವರ ಹಾಗೆ.

ಫೆಬ್ರವರಿಯಲ್ಲಿ ಫೆಲಿಜ್ಮೀನಾ ಬಂದಳು, ಕೋಟು ಬಿಚ್ಚಲಿಲ್ಲ.
ಅವರಿಗೆ ಇಳಿಯೋಕಾಗಲ್ಲ, ನೀವೇ ಬರ್ತೀರಾ?
ಬರ್ತೀನಿ, ಅಂದ.
ಪೆಟ್ಟಿಗೆ ನಾನು ಹೊತ್ತೆ. ಮೂರು ಮಹಡಿ.
ಅದೆರಿತು, ಉಣ್ಣೆ ಗಿರಣಿಯಲ್ಲಿ ನಲವತ್ತು ವರ್ಷ
ಬಣ್ಣ ಅದ್ದಿದವನು. ಉಗುರಿನ ಬುಡದಲ್ಲಿ ನೀಲಿ.
ಆ ನೀಲಿಯೋ, ಬೇರೆಯದೋ.

ಒಂದು ಕೆನ್ನೆ ಮುಗಿದಿತ್ತು.
ಹೆಂಡತಿ ಬಿಸಿನೀರಿಗೆ ಒಳಹೋದ ಹೊತ್ತು ನೋಡಿ
ಮುದುಕ ಕೇಳಿದ:
ನಾನಿನ್ನು ಆ ಮೆಟ್ಟಿಲು ಇಳಿಯೋದಿಲ್ಲ, ಪೊಯ್ಶ್ ನಾಂವ್?

ಅಲ್ಲವೇ ಅನ್ನುವ ಬಾಲ ಅದು.
ಒಪ್ಪುವವನು ಅದನ್ನೇ ಹಿಂದಿರುಗಿಸಬೇಕು,
ಪ್ರಶ್ನೆಯ ಕೊಕ್ಕೆ ಬಿಚ್ಚಿ. ಎರಡೇ ಪದ.
ದಿನಕ್ಕೆ ಇನ್ನೂರು ಸಲ ಒಪ್ಪಿದ ಬಾಯಿ ತೆರೆದೇ ಉಳಿಯಿತು.
ಕತ್ತಿಯ ಮೇಲೆ ನೊರೆ ಒಣಗುತ್ತಿತ್ತು.
ಕೆಳಗೆ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋದರು,
ಇಳಿಜಾರಿನುದ್ದಕ್ಕೂ ಅದರ ಸದ್ದು.

ಕೊನೆಗೆ ಮುದುಕನೇ ಕನಿಕರಪಟ್ಟು ಬೇರೆ ಪ್ರಶ್ನೆ ಕೊಟ್ಟ:
ಶನಿವಾರ ಬರ್ತೀಯಾ?
ಬರ್ತೀನಿ.

ಆ ಮಧ್ಯಾಹ್ನ ಅಂಗಡಿಯಲ್ಲಿ ಯಾರೋ
ಗಾಳಿಯ ಮಾತು ತೆಗೆದರು.
ಎರ್ಮೀನಿಯು ಚರ್ಮದ ಪಟ್ಟಿಗೆ ಕತ್ತಿ ಉಜ್ಜುತ್ತಲೇ ಇದ್ದ.
ಕಾದು, ಕಾದು,
ಅಂದವರೇ ಪೊಯ್ಶ್ ಅಂದುಕೊಂಡರು.

ಗುರುವಾರ ಇಗರ್ಜಿಯ ಗಂಟೆ ಹೊಡೆಯಿತು, ಬಿಡಿಬಿಡಿಯಾಗಿ.
ಶನಿವಾರ ಅವನು ಪೆಟ್ಟಿಗೆ ಎತ್ತಿಕೊಂಡ.
ನಾನು ಏನೂ ಕೇಳದೆ ಹಿಂದೆ ನಡೆದೆ. ಮೂರು ಮಹಡಿ.
ಬಾಗಿಲು ತೆರೆದ ಫೆಲಿಜ್ಮೀನಾ, ಕಪ್ಪು ಶಾಲು,
ಪೆಟ್ಟಿಗೆ ನೋಡಿ, ಅವನನ್ನು ನೋಡಿ,
ಬಂದಿರಿ, ಅಂದಳು.
ಬಂದೆ, ಅಂದ.
ಒಳಗೆ ಒಲೆಯ ಮೇಲೆ ನೀರು ಕಾಯುತ್ತಿತ್ತು.