ಡಬ್ಲ್ಯೂ ಬರೆಯಬೇಕು, ಹೇಳಬಾರದು

ತಾಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಮಾಡಿನಡಿ
ನನ್ನದೊಂದು ಮೇಜು, ಒಂದು ಕಾಲಿಗೆ ರಟ್ಟಿನ ತುಂಡು.
ಮೂವತ್ತೊಂದು ವರ್ಷ ಕನ್ನಡ ಮೀಡಿಯಮ್ಮಿನಲ್ಲಿ ಇಂಗ್ಲಿಷ್ ಕಲಿಸಿದವ
ಈಗ ಅರ್ಜಿಗೆ ಅರುವತ್ತು ರೂಪಾಯಿ.
ಫಾರಮ್ಮು ಮಲಯಾಳದಲ್ಲಿ, ದೂರು ಇಂಗ್ಲಿಷಿನಲ್ಲಿ,
ಅಳು ಬಂದವರವರದ್ದೇ ಭಾಷೆಯಲ್ಲಿ.

ವಾರಿಜಾಕ್ಷಿ ಬಂದದ್ದು ಬುಧವಾರ, ಊಟದ ಹೊತ್ತಿಗೆ.
ನೇಕಾರರ ಸೊಸೈಟಿಯಲ್ಲಿ ನೂಲಿಗೆ ಬಣ್ಣ ಹಾಕುವವಳು;
ಉಗುರಿನ ಬುಡದಲ್ಲಿ ನೀಲಿ, ಮೊಣಕೈವರೆಗೆ ಹಳೆಯ ಕೆಂಪು.
ಹೆದ್ದಾರಿ ಅಗಲವಾಯಿತಲ್ಲ,
ಅದರಡಿಗೆ ಹೋಗಿತ್ತು ಅಪ್ಪನ ಏಳು ಸೆಂಟ್ಸು, ಬಾವಿ ಸಮೇತ.
ಬಂದ ದುಡ್ಡಿನಲ್ಲಿ ಅವಳ ಪಾಲು
ಅಣ್ಣ ಪುಂಡರೀಕಾಕ್ಷನ ಖಾತೆಗೆ.
"ಏನಾದರೂ ಒಂದು ಇಂಗ್ಲಿಷ್ ಬರೆಯಿರಿ ಮಾಷ್ಟ್ರೆ,
ಓದಿದವನ ಕುರ್ಚಿ ಅಲುಗಬೇಕು."

ಡಿಕ್ಷನರಿ ತೆಗೆದೆ.
ಎಕ್ಸ್‌ಟಾರ್ಟ್: ಇದಕ್ಕೆ ಬೆದರಿಕೆ ಬೇಕು.
"ಬೆದರಿಸಿದನಾ?"
"ಇಲ್ಲ. ಬೊಂಡ ಕೆತ್ತಿಸಿ ಕೊಟ್ಟ."
ಸ್ನ್ಯಾಚ್, ಅದು ಓಡುವವನ ಶಬ್ದ,
ಬೈಕಿನಲ್ಲಿ ಬಂದು ಸರ ಹರಿದವನದು.
"ಓಡಲಿಲ್ಲ. ಸಂಜೆವರೆಗೆ ಕೂತಿದ್ದ.
ಕರೆಂಟು ಹೋದಾಗ ಪೇಪರಿನಲ್ಲಿ ನನಗೆ ಗಾಳಿ ಹಾಕಿದ."
ಸೀಜ್ ಮಾಡಲಿಕ್ಕೆ ಯೂನಿಫಾರ್ಮು ಬೇಕು.
ಯೂಸರ್ಪ್ ಮಾಡಲಿಕ್ಕೆ ಸಿಂಹಾಸನವೇ ಬೇಕು,
ಏಳು ಸೆಂಟ್ಸಿಗೆ ಅದು ಜಾಸ್ತಿಯಾಯಿತು.
"ಮತ್ತೆ ಸೈನು ಹಾಕಿದ್ದು ಯಾರು?"
"ನಾನೇ."

ಸರಕಾರದ ನೋಟೀಸಿನಲ್ಲಿ ಇದ್ದದ್ದು ಅಕ್ವೈರ್.
ಎಂಥ ಇಸ್ತ್ರಿ ಹಾಕಿದ ಶಬ್ದ!
ವಿದ್ಯೆಯನ್ನೂ ಅಕ್ವೈರ್ ಮಾಡುತ್ತಾರೆ, ಬಾವಿಯನ್ನೂ.
ನಾನೇ ಮಕ್ಕಳಿಂದ ಅದರಲ್ಲಿ ವಾಕ್ಯ ಮಾಡಿಸಿದ್ದೆ,
ಚಂದ ಮಾಡಿದವರಿಗೆ ಎರಡು ಮಾರ್ಕು.

ಆಮೇಲೆ ಡಬ್ಲ್ಯೂ ಪುಟ.
ರೆಸ್ಟ್, ರೆಂಚ್, ರಿಂಗ್.
ಮೂರಕ್ಕೂ ಮುಂದೆ ಒಂದು ಡಬ್ಲ್ಯೂ, ಬರೆಯಬೇಕು, ಹೇಳಬಾರದು.
ಬೋರ್ಡಿನಲ್ಲಿ ಅದಕ್ಕೊಂದು ಸುತ್ತು ಹಾಕಿ
ತುಟಿಗೆ ಬೆರಳಿಟ್ಟು ತೋರಿಸುತ್ತಿದ್ದೆ.
ಹಿಂದಿನ ಬೆಂಚಿನ ನಫೀಸ ಒಮ್ಮೆ ಕೇಳಿದ್ದಳು:
ಹೇಳಬಾರದು ಅಂತಾದರೆ ಅದು ಯಾಕೆ ಅಲ್ಲಿ ಕೂತಿದೆ ಸರ್?
ರೂಲು, ಅಂದಿದ್ದೆ.

ರಿಂಗ್ ಅಂದರೆ ಹಿಂಡುವುದು, ಎಂದೆ.
ಪರವೂರಿನಲ್ಲಿ ನಂಟರು ಎದುರಾದ ಹಾಗೆ ಅವಳ ಮುಖ.
"ಲಡಿ ಹಿಂಡುವುದು ನೋಡಿದ್ದೀರಾ ನೀವು?"
ಕುರ್ಚಿಯ ಮೇಲಿನ ನನ್ನ ಬೈರಾಸು ತೆಗೆದಳು,
ಒಂದು ತುದಿ ನನ್ನ ಕೈಗೆ ಕೊಟ್ಟಳು,
ಇನ್ನೊಂದು ತುದಿಯ ಮಡಿಕೆಗೆ ರೂಲುದೊಣ್ಣೆ ತೂರಿಸಿದಳು.
"ಜೋರು ಮಾಡಬಾರದು. ಮಾಡಿದರೆ ನೂಲು ತುಂಡಾಗುತ್ತದೆ.
ಮೆಲ್ಲ. ಒಂದು ಸುತ್ತು.
ನಿಲ್ಲಬೇಕು, ಇಳಿಯಲಿಕ್ಕೆ ಬಿಡಬೇಕು.
ಅಪ್ಪನ ಆಸ್ಪತ್ರೆಯ ಬಿಲ್ಲು ತೋರಿಸಿದ, ಅದೊಂದು ಸುತ್ತು.
ನನ್ನ ಮದುವೆಗೆ ಮಾಡಿದ ಸಾಲ, ಮತ್ತೊಂದು.
ಅತ್ತಿಗೆ ಏನೂ ಹೇಳದೆ ಬಾಗಿಲ ಹತ್ತಿರ ನಿಂತಳು.
ಕೊಡು ಅಂತ ಅವ ಕೇಳಲೇ ಇಲ್ಲ ಮಾಷ್ಟ್ರೆ.
ಪೆನ್ನು ಕೊಟ್ಟ,
ಮುಚ್ಚಳ ತೆಗೆದು."

ಬೈರಾಸು ಹಗ್ಗವಾಗಿತ್ತು.
ಒಣಗಿದ ಬಟ್ಟೆ, ಇಳಿಯಲಿಕ್ಕೆ ಏನೂ ಇಲ್ಲ,
ಆದರೂ ನನ್ನ ಮಣಿಕಟ್ಟು
ನನ್ನನ್ನು ಕೇಳದೆ ಅವಳ ಕಡೆಗೆ ತಿರುಗಿತ್ತು.

ಬರೆದೆ. ಭೂತಕಾಲದಲ್ಲಿ ಅದು ರಂಗ್.
ಒಳಗಿನ ಗುಮಾಸ್ತ ಸ್ಪೆಲ್ಲಿಂಗ್ ತಪ್ಪಿತೆಂದು
ಯೂ ಅಳಿಸಿ ಓ ಮಾಡುತ್ತಾನೆ, ರಾಂಗ್ ಎಂದು ಓದುತ್ತಾನೆ.
ಓದಲಿ. ಅಲ್ಲಿಯೂ ಡಬ್ಲ್ಯೂ ಇದ್ದೇ ಇದೆ.

ಕೊನೆಯ ಸಾಲಿಗೆ ಎದುರು ಪಾರ್ಟಿಯ ಹೆಸರು ಬೇಕಿತ್ತು.
ಅವಳು ಅರುವತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟಳು,
ಗಾಳಿಗೆ ಹಾರದ ಹಾಗೆ ಡಿಕ್ಷನರಿಯ ಅಡಿಗೆ.
ರಸ್ತೆಯ ಕಡೆ ನೋಡಿಕೊಂಡು ಹೇಳಿದಳು:
"ಅಣ್ಣನ ಹೆಸರು ಬರೆಯಿರಿ.
ಓದಿ ಹೇಳಬೇಡಿ."