ಕಂಚಿಗೇನು ನೀರ ಭಯ

ದೋಣಿಗೆ ಮೊದಲು ಹತ್ತಿದ್ದು ಹುಲ್ಲು.
ಎರಡು ಹೊರೆ ಒಣಹುಲ್ಲು, ಅದರ ಮೇಲೆ ಕಂಬಳಿ,
ಕಂಬಳಿಯ ಮೇಲೆ ಡೋಲು.
ಮಲಗಿಸಿದ್ದಲ್ಲ, ಕೂರಿಸಿದ್ದು,
ಎರಡು ಮುಖಕ್ಕೂ ಗಾಳಿಯಾಡುವ ಹಾಗೆ.
‘ಬಸುರೀನ ಕೂರಿಸ್ದಂಗೆ ಕೂರಿಸ್ಬೇಕು’ ಅಂದ ಹುಚ್ಚಯ್ಯ ಮಾವ
ಬಾರನ್ನು ಒಂದಿಷ್ಟು ಸಡಿಲಿಸುತ್ತ.
ಚರ್ಮ ನೀರನ್ನು ಕಂಡರೇ ಸಾಕಂತೆ,
ಮುಟ್ಟುವುದೂ ಬೇಡ, ಸ್ವರ ಕುಸಿಯುತ್ತದೆ.

ನಾಗಸ್ವರ ಅಪ್ಪನ ತೊಡೆಯ ಮೇಲೆ.
ಅವ್ವನ ಹಳೇ ಸೀರೆ ಮೂರು ಸುತ್ತು,
ಹೊರಗೆ ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕು.
ಪೀಪಿಗಳು ಬೇರೆ: ನಶ್ಯದ ಡಬ್ಬಿಯಲ್ಲಿ,
ಹುರಿದ ಅಕ್ಕಿಯ ಪುಟ್ಟ ಗಂಟಿನ ಜೊತೆ,
ಅಂಗಿಯ ಒಳಜೇಬಿನಲ್ಲಿ.
ತೀರ ಒಣಗಿದರೆ ಸೀಳುತ್ತವೆ,
ನೆನೆದರೆ ಮೂಗಿಯಾಗುತ್ತವೆ.
ಮಾತಾಡುವಾಗಲೂ ಅಪ್ಪನ ಒಂದು ಕೈ ಎದೆಯ ಮೇಲೆ;
ನೋಡಿದವರು ಭಕ್ತಿ ಅಂದುಕೊಳ್ಳಬೇಕು.

ಶ್ರುತಿಪೆಟ್ಟಿಗೆಗೆ ಬಕೆಟ್ಟು.
ಅದರ ತಿದಿ ಆಗಲೇ ಎರಡು ಸಲ
ಸೈಕಲ್ ಟ್ಯೂಬಿನ ತೇಪೆ ಕಂಡದ್ದು.

ತಾಳ ನನ್ನ ಕೈಯಲ್ಲಿ.
ಹುಲ್ಲಿಲ್ಲ, ಸೀರೆಯಿಲ್ಲ, ಡಬ್ಬಿಯಿಲ್ಲ.
‘ಕಂಚಿಗೇನು ನೀರ ಭಯ’ ಅಂದ ಮಾವ.
‘ನಿಂಗೂ ಈಜು ಬತ್ತದಲ್ವಾ ಪದ್ಮಿ?’ ಅಂದ ಅಪ್ಪ.
ಬರುತ್ತಿರಲಿಲ್ಲ.
ಉತ್ತರಕ್ಕೆ ಯಾರೂ ಕಾಯಲಿಲ್ಲ.
ತಾಳದ ಹುಡುಗನಿಗೆ ಜ್ವರ ಬಂದು
ನನಗೆ ಬಂದ ಕೆಲಸ ಅದು,
ಹದಿಮೂರು ತುಂಬಿರಲಿಲ್ಲ.

ರಸ್ತೆಯಲ್ಲಿ ಹೋದರೆ ಅರ್ಧ ದಿನದ ಸುತ್ತು,
ಹೇಮಾವತಿಯ ಹಿನ್ನೀರಿನ ಮೇಲೆ ಮುಕ್ಕಾಲು ಗಂಟೆ.
ಅರ್ಧ ದಾರಿಯಲ್ಲಿ ಮಾವ ನೀರಿಗೆ ಬೆರಳು ತೋರಿಸಿದ:
‘ಇಲ್ಲೇ ಕೆಳಗೆ ಪಟೇಲರ ಜಗಲಿ.
ನಾಮಕರಣದ ವಾಲಗದ್ದು ಹನ್ನೆರಡು ರೂಪಾಯಿ
ಇನ್ನೂ ಬರ್ಬೇಕು.’
ಅಪ್ಪ ನಗುವುದರೊಳಗೆ ಮೋಟಾರು ಕೆಮ್ಮಿ ನಿಂತಿತು.

ಗಾಳಿ ಎದ್ದದ್ದು ಆಮೇಲೆ.
ಹಲಗೆಯ ಸಂದಿನಲ್ಲಿ ಮೊದಲು ಒಂದು ಹೊಳಪು,
ಆಮೇಲೆ ಗೆರೆ, ಆಮೇಲೆ ನನ್ನ ಪಾದದ ಬೆರಳು ಒದ್ದೆ.
ನೀರು ಎತ್ತುವ ತಗಡಿನ ಡಬ್ಬ ದಡದಲ್ಲೇ ಮರೆತಿತ್ತು.
ಸಿದ್ಲಿಂಗ ಬಕೆಟ್ಟು ನೋಡಿದ.
ಅಪ್ಪ ಸಿದ್ಲಿಂಗನನ್ನು ನೋಡಿದ.
ಸಿದ್ಲಿಂಗ ನನ್ನ ಕೈ ನೋಡಿದ.

ಎತ್ತಿದೆ.
ಒಂದು ತಾಳಕ್ಕೆ ಅರ್ಧ ಬೊಗಸೆ,
ನಡುವಿನ ದಾರದ ತೂತಿನಲ್ಲಿ ಅದರಲ್ಲೂ ಕಾಲುಭಾಗ ಸೋರಿಕೆ;
ಹೆಬ್ಬೆರಳು ಒತ್ತಿ ಹಿಡಿದೆ.
ಎಡಗೈ, ಬಲಗೈ. ಎಡಗೈ, ಬಲಗೈ.
ಹುಲ್ಲಿನ ಬುಡ ಕಪ್ಪಾಗುತ್ತಿತ್ತು.
ಮಾವ ಡೋಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ,
ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.
ಒಮ್ಮೆ ನಾನು ಉಸಿರಿಗೆ ನಿಂತಾಗ
ಕಣ್ಣು ತೆರೆಯದೆಯೇ ಗದರಿದ:
‘ಎಲ್ಲೇ ಹೋಯ್ತು ಆರನೇ ಪೆಟ್ಟು?’

ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ
ನಾನು ಎಣಿಸುತ್ತಿದ್ದೇನೆಂದು.

ದಡದಲ್ಲಿ ಬೀಗರ ಕಡೆಯವರು
ಮೊದಲು ವಾದ್ಯ ಎಣಿಸಿದರು, ಆಮೇಲೆ ಜನ.
ಡೋಲಿಗೆ ಹುಲ್ಲುಬೆಂಕಿಯ ಕಾವು ಹಿಡಿದರು, ಉಳಿದದ್ದು ಒಣ ಹುಲ್ಲು ಒಂದು ತೆಕ್ಕೆ.
ಪೀಪಿ ಅಪ್ಪನ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಯೋಚಿಸಿ
ಒಪ್ಪಿಕೊಂಡಿತು.
ತಾಳದ ದಾರವನ್ನು ನಾನೇ ಹಿಂಡಿದೆ.
ಗಟ್ಟಿಮೇಳ ಎಂದು ಕೂಗಿದಾಗ
ಮೊದಲ ಪೆಟ್ಟಿಗೆ ನನ್ನ ಮೂಗಿನ ಮೇಲೆ ಒಂದು ಹನಿ ಹಾರಿತು.
ಸ್ವರ ಮಾತ್ರ, ಮಾವ ಹೇಳಿದಂತೆಯೇ,
ಏನೂ ಆಗಿರಲಿಲ್ಲ.

ವಾಪಸು ಬರುವಾಗ ಸಂಜೆ, ನೀರು ಎಣ್ಣೆಯ ಹಾಗೆ.
ಕೇಳಿ ತಂದ ಹೊಸ ಹುಲ್ಲು ದೋಣಿಯಲ್ಲಿ.
ಅಪ್ಪ ನನ್ನ ಕೈಯಿಂದ ತಾಳ ತೆಗೆದುಕೊಂಡು
ಹೆಗಲ ವಲ್ಲಿಯಲ್ಲಿ ಒರೆಸಿದ, ಅಂಚು, ಒಳಗುಳಿ, ತೂತು,
ಡೋಲಿನ ಪಕ್ಕ ಕಂಬಳಿಯ ಮಡಿಕೆಯಲ್ಲಿಟ್ಟ.
ನನ್ನನ್ನೂ ಅಲ್ಲೇ ಹುಲ್ಲಿನ ಮೇಲೆ ಕೂರಿಸಿದ,
ಗಾಳಿಯಾಡುವ ಹಾಗೆ.

ಹುಲ್ಲು ಚುಚ್ಚುತ್ತಿತ್ತು.
ಹೇಳಲಿಲ್ಲ.